ಕಿಲ್ -9 ಕೊಟ್ಟಾಗ ಕೊನೆಯ ಲಾಟ್‌ನ ತೂಕ ಏಕೆ ಕಾಣೆಯಾಗುತ್ತದೆ?

ಪ್ರಶ್ನೆ, ಬ್ಯಾಡಗಿಯಿಂದ:

ಅಕ್ಕ, ನಮಸ್ಕಾರ. ಇಲ್ಲಿಯ ಒಂದು ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳ ತೂಕ ದಾಖಲಿಸುವ ಪ್ರೋಗ್ರಾಂ ಒಂದಿದೆ. ಬರೆದವರು ಬೇರೆಯವರು, ಈಗ ನೋಡಿಕೊಳ್ಳುತ್ತಿರುವುದು ನಾನು. ಲಿನಕ್ಸ್ ಮೇಲೆ ಸಿ ಭಾಷೆಯಲ್ಲಿದೆ, ಎರಡು ಥ್ರೆಡ್‌ಗಳಿವೆ, ಅಂದರೆ ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಎರಡು ಕೆಲಸಗಳು. ಒಂದು ಥ್ರೆಡ್ ಎಲೆಕ್ಟ್ರಾನಿಕ್ ಕಾಟಾದಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಓದಿ ಫೈಲಿಗೆ ಬರೆಯುತ್ತದೆ, ಇನ್ನೊಂದು ಪರದೆಯ ಮೇಲೆ ತೋರಿಸುತ್ತದೆ. ಸಂಜೆ ಅಂಗಡಿ ಮುಚ್ಚುವಾಗ ಸಿಗ್‌ಟರ್ಮ್ (ನಿಲ್ಲು ಎಂದು ಕೇಳುವ ಸಿಗ್ನಲ್) ಕಳಿಸಿ ನಿಲ್ಲಿಸಬೇಕು. ಸಿಗ್‌ಟರ್ಮ್ ಹ್ಯಾಂಡ್ಲರ್, ಅಂದರೆ ಆ ಸಿಗ್ನಲ್ ಬಂದಾಗ ಓಡುವ ಫಂಕ್ಷನ್, ಒಳಗೆ ಉಳಿದ ತೂಕವನ್ನೆಲ್ಲ ಎಫ್‌ಪ್ರಿಂಟ್‌ಎಫ್‌ನಿಂದ ಫೈಲಿಗೆ ಬರೆದು ಎಕ್ಸಿಟ್ ಆಗುವಂತೆ ಮಾಡಿದ್ದಾರೆ. ಬಹುತೇಕ ದಿನ ಸರಿಯಾಗಿ ನಿಲ್ಲುತ್ತದೆ. ಕೆಲವು ದಿನ ಅಲ್ಲಾಡದೆ ನಿಂತುಬಿಡುತ್ತದೆ. ಆಗ ಅಂಗಡಿಯ ಹುಡುಗರು ಬಲವಂತವಾಗಿ ಮುಗಿಸುವ ಕಿಲ್ -9 ಆಜ್ಞೆ ಕೊಡುತ್ತಾರೆ, ಕೊನೆಯ ಲಾಟ್‌ನ ತೂಕ ಹೋಗಿಬಿಡುತ್ತದೆ. ರೈತರು ತಮ್ಮ ಚೀಲದ ಲೆಕ್ಕ ಕೇಳಿದಾಗ ಉತ್ತರಿಸುವುದು ಕಷ್ಟ. ಎಲ್ಲಿ ತಪ್ಪಿದೆ?

ಉತ್ತರ, ಧಾರವಾಡದಿಂದ:

ತಮ್ಮಾ, ನಿಮ್ಮ ಪ್ರೋಗ್ರಾಂ ನಿಂತುಬಿಡುವುದೂ ತೂಕ ಕಾಣೆಯಾಗುವುದೂ ಒಂದೇ ಮೂಲದ ತೊಂದರೆಗಳು. ಸಿಗ್ನಲ್ ಬಂದಾಗ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೆ ಏನಾಗುತ್ತದೆ ಎಂಬುದನ್ನು ನೋಡಿದರೆ ಎರಡೂ ಬಿಡಿಸಿಕೊಳ್ಳುತ್ತವೆ.

ಕಿಲ್ ಆಜ್ಞೆ ಯಾರನ್ನೂ ನೇರವಾಗಿ ಕೊಲ್ಲುವುದಿಲ್ಲ. ಅದು ಕರ್ನಲ್‌ಗೆ ಕೊಡುವ ಒಂದು ಅರ್ಜಿ. ಕಳಿಸಿದವರಿಗೆ ಅಧಿಕಾರವಿದೆಯೇ ಎಂದು ಕರ್ನಲ್ ಮೊದಲು ನೋಡುತ್ತದೆ. ಸಾಮಾನ್ಯ ಬಳಕೆದಾರ ತನ್ನ ಪ್ರೊಸೆಸ್‌ಗಳಿಗೆ ಮಾತ್ರ ಕಳಿಸಬಹುದು, ಯಂತ್ರದ ಆಡಳಿತಗಾರನಾದ ರೂಟ್‌ಗೆ ಆ ಮಿತಿಯಿಲ್ಲ. ಬಳಿಕ ಆ ಪ್ರೊಸೆಸ್‌ನ ಬಾಕಿ ಸಿಗ್ನಲ್‌ಗಳ ಪಟ್ಟಿಯಲ್ಲಿ ಒಂದು ಬಿಟ್ ಏರಿಸಿ, 'ಇವನಿಗೆ ಸಿಗ್ನಲ್ ಬಾಕಿ ಇದೆ' ಎಂಬ ಗುರುತು ಹಾಕುತ್ತದೆ. ಪ್ರೊಸೆಸ್ ನಿದ್ರೆಯಲ್ಲಿದ್ದು ಎಬ್ಬಿಸಬಹುದಾದ ಸ್ಥಿತಿಯಲ್ಲಿದ್ದರೆ ಎಬ್ಬಿಸುತ್ತದೆ. ಕಳಿಸುವ ಕೆಲಸ ಅಲ್ಲಿಗೆ ಮುಗಿಯಿತು. ಹ್ಯಾಂಡ್ಲರ್ ಇನ್ನೂ ಓಡಿರುವುದಿಲ್ಲ.

ಹ್ಯಾಂಡ್ಲರ್ ಓಡುವುದು ಆ ಪ್ರೊಸೆಸ್ ಕರ್ನಲ್‌ನಿಂದ ತನ್ನ ಸ್ವಂತ ಕೋಡ್‌ಗೆ ಮರಳುವ ಹೊತ್ತಿನಲ್ಲಿ. ಸಿಸ್ಟಂ ಕಾಲ್ ಮುಗಿಸಿ ಮರಳುವಾಗಲೋ ಗಡಿಯಾರದ ಇಂಟರಪ್ಟ್‌ನಿಂದ ಮರಳುವಾಗಲೋ ಕರ್ನಲ್ ಆ ಗುರುತನ್ನು ನೋಡುತ್ತದೆ. ತಡೆಹಿಡಿಯದ ಸಿಗ್ನಲ್ ಇದ್ದು ಅದಕ್ಕೆ ಹ್ಯಾಂಡ್ಲರ್ ಕೂಡ ಇದ್ದರೆ, ಅಲ್ಲಿಯವರೆಗಿನ ರಿಜಿಸ್ಟರ್‌ಗಳನ್ನೆಲ್ಲ ಬಳಕೆದಾರನ ಸ್ಟ್ಯಾಕ್ ಮೇಲೆ ಉಳಿಸಿ, ಮುಂದೆ ಓಡಬೇಕಾದ ವಿಳಾಸವಾಗಿ ಹ್ಯಾಂಡ್ಲರ್ ವಿಳಾಸವನ್ನು ಇಡುತ್ತದೆ. ಹ್ಯಾಂಡ್ಲರ್ ಮುಗಿದ ಮೇಲೆ ಸಿಗ್‌ರಿಟರ್ನ್ ಎಂಬ ಸಿಸ್ಟಂ ಕಾಲ್ ಆ ರಿಜಿಸ್ಟರ್‌ಗಳನ್ನು ಮರಳಿ ಹಾಕುತ್ತದೆ. ಪ್ರೋಗ್ರಾಂ ಏನೂ ಆಗಿಲ್ಲವೆಂಬಂತೆ ನಿಂತ ಕಡೆಯಿಂದ ಮುಂದುವರಿಯುತ್ತದೆ.

ಈ 'ನಿಂತ ಕಡೆ' ಎಲ್ಲಿ ಬೇಕಾದರೂ ಇರಬಹುದು. ನಿಮ್ಮ ಥ್ರೆಡ್, ಮೆಮೊರಿ ಹಂಚುವ ಮ್ಯಾಲಾಕ್ ಫಂಕ್ಷನ್ ಒಳಗೆ ಲಾಕ್ ಹಿಡಿದು ಖಾಲಿ ಮೆಮೊರಿಯ ಪಟ್ಟಿಯನ್ನು ತಿದ್ದುತ್ತಿದ್ದಾಗಲೇ ಸಿಗ್‌ಟರ್ಮ್ ಬಂದಿತು ಎನ್ನಿ. ಹ್ಯಾಂಡ್ಲರ್ ಎಫ್‌ಪ್ರಿಂಟ್‌ಎಫ್ ಕರೆಯುತ್ತದೆ, ಅದಕ್ಕೆ ಬಫರ್ ಬೇಕಾದರೆ ಮತ್ತೆ ಮ್ಯಾಲಾಕ್‌ಗೆ ಹೋಗುತ್ತದೆ. ಲಾಕ್ ಹಿಡಿದಿರುವುದು ಅದೇ ಥ್ರೆಡ್. ಅದು ಮುಂದೆ ಹೋಗಬೇಕಾದರೆ ಹ್ಯಾಂಡ್ಲರ್ ಮುಗಿಯಬೇಕು, ಹ್ಯಾಂಡ್ಲರ್ ಮುಗಿಯಬೇಕಾದರೆ ಲಾಕ್ ಬಿಡಬೇಕು. ಅಲ್ಲಿಗೆ ನಿಂತೇಹೋಯಿತು. ಎಫ್‌ಪ್ರಿಂಟ್‌ಎಫ್‌ನ ನಡುವೆಯೇ ಸಿಗ್ನಲ್ ಬಂದಿದ್ದರೆ ನಿಲ್ಲುವ ಬದಲು ಫೈಲ್ ಬಫರ್ ಅರ್ಧಂಬರ್ಧವಾಗಿ ಕೆಟ್ಟಿರುತ್ತದೆ. ಬಹುತೇಕ ದಿನ ಸರಿಯಾಗಿರುವುದಕ್ಕೆ ಕಾರಣ, ಸಿಗ್ನಲ್ ಬರುವ ಹೊತ್ತಿಗೆ ಥ್ರೆಡ್ ಸುಮ್ಮನೆ ತೂಕಕ್ಕಾಗಿ ಕಾಯುತ್ತಿರುತ್ತದೆ, ಅಷ್ಟೇ. ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗಿರುವ ಪಾಸಿಕ್ಸ್ ಮಾನದಂಡವು ಹ್ಯಾಂಡ್ಲರ್ ಒಳಗೆ ಕರೆಯಬಹುದಾದ ಫಂಕ್ಷನ್‌ಗಳ ಪಟ್ಟಿಯನ್ನೇ ಕೊಟ್ಟಿದೆ. ರೈಟ್ ಅದರಲ್ಲಿದೆ. ಪ್ರಿಂಟ್‌ಎಫ್, ಮ್ಯಾಲಾಕ್, ಎಕ್ಸಿಟ್ ಅದರಲ್ಲಿಲ್ಲ.

ಹಾಗಾದರೆ ಹ್ಯಾಂಡ್ಲರ್‌ನಲ್ಲಿ ಒಂದು ಫ್ಲ್ಯಾಗ್ ಮಾತ್ರ ಇಟ್ಟು, ಲೂಪ್‌ನಲ್ಲಿ ಅದನ್ನು ನೋಡಿದರೆ ಸಾಕೇ ಎಂದು ನೀವು ಕೇಳುವಿರಿ. ಎಲ್ಲರೂ ಹೇಳುವ ಪರಿಹಾರ ಅದೇ, ಆದರೆ ನಿಮ್ಮ ಅಂಗಡಿಗೆ ಅದು ಸಾಲದು. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯ ಸಿಗ್ನಲ್ ಫಂಕ್ಷನ್‌ನಿಂದ ಹ್ಯಾಂಡ್ಲರ್ ಹಾಕಿದರೆ, ನಡುವೆ ತಡೆದ ರೀಡ್ ತಾನಾಗಿ ಮತ್ತೆ ಶುರುವಾಗುತ್ತದೆ. ಮುಂದಿನ ಚೀಲ ಕಾಟಾ ಏರುವವರೆಗೆ ಲೂಪ್ ಫ್ಲ್ಯಾಗನ್ನು ನೋಡುವುದೇ ಇಲ್ಲ. ಸಿಗ್‌ಆಕ್ಷನ್ ಬಳಸಿ ಆ ಮರುಚಾಲನೆಯನ್ನು ತೆಗೆದರೂ ಸಣ್ಣದೊಂದು ಕಿಂಡಿ ಉಳಿಯುತ್ತದೆ: ಫ್ಲ್ಯಾಗ್ ನೋಡಿ ಆಯಿತು, ರೀಡ್ ಇನ್ನೂ ಶುರುವಾಗಿಲ್ಲ, ಆ ಕ್ಷಣದಲ್ಲೇ ಸಿಗ್ನಲ್ ಬಂದರೆ ಮತ್ತೆ ಕಾಯುವುದೇ ಗತಿ. ಇದರ ಜೊತೆಗೆ ನಿಮ್ಮಲ್ಲಿ ಎರಡು ಥ್ರೆಡ್‌ಗಳಿವೆ. ಪ್ರೊಸೆಸ್‌ಗೆ ಬಂದ ಸಿಗ್ನಲನ್ನು ಅದನ್ನು ತಡೆಹಿಡಿಯದ ಯಾವುದಾದರೂ ಒಂದು ಥ್ರೆಡ್‌ಗೆ ಕರ್ನಲ್ ಕೊಡುತ್ತದೆ. ಅದು ಪರದೆಯ ಥ್ರೆಡ್‌ಗೆ ಹೋದರೆ ಕಾಟಾ ಓದುವ ಥ್ರೆಡ್ ಎಚ್ಚರಗೊಳ್ಳುವುದೇ ಇಲ್ಲ.

ಆದ್ದರಿಂದ ಹೀಗೆ ಮಾಡಿ. ಮೇನ್‌ನಲ್ಲಿ, ಯಾವ ಥ್ರೆಡ್ ಹುಟ್ಟುವುದಕ್ಕೂ ಮೊದಲೇ, ಸಿಗ್‌ಟರ್ಮ್ ಮತ್ತು ಸಿಗ್‌ಇಂಟ್ (ಕಂಟ್ರೋಲ್-ಸಿ ಒತ್ತಿದಾಗ ಬರುವ ಸಿಗ್ನಲ್) ಎರಡನ್ನೂ ತಡೆಹಿಡಿಯಿರಿ. ಆಮೇಲೆ ಹುಟ್ಟುವ ಥ್ರೆಡ್‌ಗಳಿಗೆ ಆ ತಡೆ ಬಳುವಳಿಯಾಗಿ ಬರುತ್ತದೆ. ಸಿಗ್ನಲ್‌ಎಫ್‌ಡಿ ಎಂಬ ಸಿಸ್ಟಂ ಕಾಲ್‌ನಿಂದ ಆ ಎರಡಕ್ಕೂ ಒಂದು ಫೈಲ್ ಡಿಸ್ಕ್ರಿಪ್ಟರ್ ಪಡೆಯಿರಿ. 2007ರ ಲಿನಕ್ಸ್ 2.6.22ರಿಂದಲೂ ಇದು ಇದೆ. ಕಾಟಾ ಓದುವ ಥ್ರೆಡ್ ಸೀರಿಯಲ್ ಪೋರ್ಟನ್ನೂ ಈ ಡಿಸ್ಕ್ರಿಪ್ಟರನ್ನೂ ಒಂದೇ ಪೋಲ್‌ನಲ್ಲಿ, ಅಂದರೆ ಹಲವು ಡಿಸ್ಕ್ರಿಪ್ಟರ್‌ಗಳನ್ನು ಒಟ್ಟಿಗೆ ಕಾಯುವ ಸಿಸ್ಟಂ ಕಾಲ್‌ನಲ್ಲಿ, ಕಾಯಲಿ. ಸಿಗ್‌ಟರ್ಮ್ ಬಂದರೆ ಅದೂ ತೂಕದಂತೆಯೇ ಓದಲು ಸಿಗುವ ಮಾಹಿತಿಯಾಗುತ್ತದೆ. ಆಗ ನೀವು ಸಾಧಾರಣ ಕೋಡ್‌ನಲ್ಲಿ ಇರುತ್ತೀರಿ. ಎಫ್‌ಪ್ರಿಂಟ್‌ಎಫ್, ಮ್ಯಾಲಾಕ್ ಎಲ್ಲ ಧಾರಾಳವಾಗಿ ಬಳಸಿ. ಹ್ಯಾಂಡ್ಲರ್ ಬೇಕಾಗಿಯೇ ಇಲ್ಲ.

ಇನ್ನು ಕಿಲ್ -9, ಅಂದರೆ ಸಿಗ್‌ಕಿಲ್ ಎಂಬ ಸಿಗ್ನಲ್. ಸಿಗ್‌ಕಿಲ್ ಮತ್ತು ಸಿಗ್‌ಸ್ಟಾಪ್ ಇವೆರಡನ್ನೂ ಹಿಡಿಯಲು, ತಡೆಯಲು, ಕಡೆಗಣಿಸಲು ಕರ್ನಲ್ ಬಿಡುವುದಿಲ್ಲ. ಸಿಗ್‌ಕಿಲ್ ಬಂದರೆ ಮರಳಿ ಹೋಗುವ ದಾರಿಯಲ್ಲೇ ಪ್ರೊಸೆಸನ್ನು ಮುಗಿಸುತ್ತದೆ, ನಿಮ್ಮ ಕೋಡ್‌ನ ಇನ್ನೊಂದು ಸಾಲೂ ಓಡುವುದಿಲ್ಲ. ಎಫ್‌ಪ್ರಿಂಟ್‌ಎಫ್ ಬರೆದದ್ದು ಪ್ರೊಸೆಸ್‌ನ ಸ್ವಂತ ಬಫರ್‌ನಲ್ಲಿ ಇರುವುದರಿಂದ ಅದರ ಜೊತೆಗೇ ಹೋಗುತ್ತದೆ. ನಿಮ್ಮ ಕೊನೆಯ ಲಾಟ್ ಹೋದದ್ದು ಅಲ್ಲಿ. ಪ್ರತಿ ಚೀಲದ ತೂಕ ಬಂದ ಕೂಡಲೇ ಬಫರ್ ಖಾಲಿ ಮಾಡಿ, ಬರೆದದ್ದನ್ನು ಡಿಸ್ಕ್‌ಗೆ ಮುಟ್ಟಿಸುವ ಎಫ್‌ಸಿಂಕ್ ಕರೆಯಿರಿ. ನಮ್ಮ ಕಡೆ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತಿಲ್ಲ, ಅದು ಯಾವ ಸಿಗ್ನಲನ್ನೂ ಕಳಿಸಿ ಹೋಗುವುದಿಲ್ಲ. ರೈತನ ದುಡ್ಡಿನ ಲೆಕ್ಕವನ್ನು ಮೆಮೊರಿಯಲ್ಲಿ ಬಿಟ್ಟು ಸಂಜೆಯವರೆಗೆ ಕಾಯಿಸಬಾರದು.

ಪ್ರಶ್ನೆ, ಧಾರವಾಡದ ವಿದ್ಯಾರ್ಥಿನಿ:

ಮೇಡಂ, ಸಿಗ್‌ಕಿಲ್ ತಪ್ಪಿಸಿಕೊಳ್ಳಲಾಗದು ಎಂದಿರಿ. ಆದರೆ ಪ್ರಯೋಗಾಲಯದಲ್ಲಿ ಕೆಟ್ಟ ಹಾರ್ಡ್ ಡಿಸ್ಕ್‌ನಿಂದ ನಕಲು ಮಾಡುವಾಗ ಪ್ರೊಸೆಸ್ ಕಿಲ್ -9ಕ್ಕೂ ಹೋಗಲಿಲ್ಲ. ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್‌ನಲ್ಲಿ ಅದರ ಮುಂದೆ ಡಿ ಎಂಬ ಅಕ್ಷರವಿತ್ತು.

ಉತ್ತರ:

ತಂಗಿ, ಸಿಗ್ನಲ್ ಅದಕ್ಕೆ ತಲುಪಿದೆ, ಬಿಟ್ ಏರಿದೆ. ಆದರೆ ಡಿ ಎಂದರೆ ಸಿಗ್ನಲ್‌ಗೆ ಎಚ್ಚರಗೊಳ್ಳದ ನಿದ್ರೆ. ಡಿಸ್ಕ್ ನೇರವಾಗಿ ಮೆಮೊರಿಗೆ ಬರೆಯುತ್ತಿರುವಾಗ ಪ್ರೊಸೆಸನ್ನು ಕೊಂದು ಆ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟರೆ, ತಡವಾಗಿ ಬಂದ ಮಾಹಿತಿ ಅವರ ಮೆಮೊರಿಯ ಮೇಲೆ ಬೀಳುತ್ತದೆ. ಅದಕ್ಕೇ ಕರ್ನಲ್ ಡಿಸ್ಕ್‌ನ ಉತ್ತರಕ್ಕಾಗಿ ಕಾಯುತ್ತದೆ. ಉತ್ತರ ಬಂದ ಕೂಡಲೇ, ಅಥವಾ ಡ್ರೈವರ್ ಸೋಲೊಪ್ಪಿದ ಕೂಡಲೇ, ಪ್ರೊಸೆಸ್ ಸಾಯುತ್ತದೆ. 2008ರ 2.6.25 ಆವೃತ್ತಿಯಲ್ಲಿ ನಡುವಿನ ಒಂದು ಸ್ಥಿತಿ ಬಂದಿತು: ಬೇರೆ ಸಿಗ್ನಲ್‌ಗಳಿಗೆ ಏಳದೆ, ಕೊಲ್ಲುವ ಸಿಗ್ನಲ್‌ಗೆ ಮಾತ್ರ ಏಳುವ ನಿದ್ರೆ. ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್‌ನ ಕಾಯುವಿಕೆಗಳಲ್ಲಿ ಅದು ಬಹಳ ಉಪಕಾರಿ. ಕೆಟ್ಟ ಡಿಸ್ಕ್‌ಗೆ ಅದರಿಂದ ಯಾವಾಗಲೂ ಸಹಾಯ ಸಿಗದು. ಪದೇ ಪದೇ ಕಿಲ್ ಕೊಡುವ ಬದಲು ಕರ್ನಲ್ ಲಾಗ್‌ನಲ್ಲಿ ಡಿಸ್ಕ್ ಏನು ದೂರುತ್ತಿದೆ ನೋಡಿ.

ಪ್ರಶ್ನೆ, ಗದಗದಿಂದ:

ನನ್ನ ಸರ್ವರ್ ಹಲವು ಮಕ್ಕಳ ಪ್ರೊಸೆಸ್‌ಗಳನ್ನು ಹುಟ್ಟಿಸುತ್ತದೆ. ಮಗು ಮುಗಿದದ್ದನ್ನು ತಿಳಿಸುವ ಸಿಗ್‌ಚೈಲ್ಡ್ ಬಂದಾಗಲೊಮ್ಮೆ ವೇಟ್ ಕರೆಯುತ್ತೇನೆ. ಆದರೂ ಕೆಲವು ಜೋಂಬಿಗಳಾಗಿ, ಅಂದರೆ ಮುಗಿದರೂ ಪಟ್ಟಿಯಿಂದ ಹೋಗದ ಪ್ರೊಸೆಸ್‌ಗಳಾಗಿ, ಉಳಿಯುತ್ತವೆ.

ಉತ್ತರ:

ಸಿಗ್ನಲ್‌ಗಳನ್ನು ಎಣಿಸಬೇಡಿ. 1ರಿಂದ 31ರವರೆಗಿನ ಸಾಮಾನ್ಯ ಸಿಗ್ನಲ್‌ಗಳಿಗೆ ಬಾಕಿ ಪಟ್ಟಿಯಲ್ಲಿ ತಲಾ ಒಂದೇ ಬಿಟ್. ಹತ್ತಿದ ದೀಪವನ್ನು ಮತ್ತೊಮ್ಮೆ ಹತ್ತಿಸಲಾಗದು. ಮೂರು ಮಕ್ಕಳು ಒಟ್ಟಿಗೆ ಮುಗಿದರೆ ನಿಮಗೆ ಒಂದೇ ಸಿಗ್‌ಚೈಲ್ಡ್ ಕಾಣಬಹುದು. ಹ್ಯಾಂಡ್ಲರ್‌ನಲ್ಲಿ ಕಾಯದೆ ಮರಳುವ ಆಯ್ಕೆಯೊಂದಿಗೆ ವೇಟ್‌ಪಿಡ್ ಅನ್ನು ಲೂಪ್‌ನಲ್ಲಿ ಕರೆಯಿರಿ, ಮುಗಿದ ಮಗು ಇನ್ನಿಲ್ಲ ಎಂದು ಅದು ಹೇಳುವವರೆಗೆ. ಸಾಲಿನಲ್ಲಿ ನಿಲ್ಲುವುದು ರಿಯಲ್ ಟೈಮ್ ಸಿಗ್ನಲ್‌ಗಳು ಮಾತ್ರ, ಆ ಸಾಲಿಗೂ ಮಿತಿಯಿದೆ.

ಪ್ರಶ್ನೆ, ಹುಬ್ಬಳ್ಳಿಯಿಂದ:

ಲಾಗ್ ಫೈಲ್ ಮತ್ತೆ ತೆರೆಯಲು ಸ್ಕ್ರಿಪ್ಟ್‌ನಲ್ಲಿ ಕಿಲ್ -10 ಬರೆದಿದ್ದೇವೆ. ಲಿನಕ್ಸ್ ಸರ್ವರ್‌ನಲ್ಲಿ ಸರಿ, ನನ್ನ ಮ್ಯಾಕ್‌ನಲ್ಲಿ ಪ್ರೋಗ್ರಾಂ ಸತ್ತುಹೋಗುತ್ತದೆ.

ಉತ್ತರ:

ನಿಮ್ಮ ಸರ್ವರ್‌ನಲ್ಲಿ 10 ಎಂದರೆ ಸಿಗ್‌ಯುಎಸ್‌ಆರ್1. ಮ್ಯಾಕ್‌ನಲ್ಲಿ 10 ಎಂದರೆ ಸಿಗ್‌ಬಸ್, ಸಿಗ್‌ಯುಎಸ್‌ಆರ್1 ಅಲ್ಲಿ 30. ಸಂಖ್ಯೆ ಬಿಟ್ಟು ಹೆಸರು ಬರೆಯಿರಿ.

ಮರುಪ್ರಶ್ನೆ, ಬ್ಯಾಡಗಿಯಿಂದ:

ಅಕ್ಕ, ನೀವು ಹೇಳಿದಂತೆ ಸಿಗ್ನಲ್‌ಎಫ್‌ಡಿ ಹಾಕಿದೆ, ಈಗ ಸರಿಯಾಗಿ ನಿಲ್ಲುತ್ತಿದೆ. ಒಂದು ವಿಚಿತ್ರ ಉಳಿದಿದೆ. ತೂಕದ ಚೀಟಿ ಮುದ್ರಿಸಲು ಈ ಪ್ರೋಗ್ರಾಂ ಫೋರ್ಕ್ ಮಾಡಿ (ತನ್ನದೇ ನಕಲಾದ ಮಗು ಪ್ರೊಸೆಸ್ ಹುಟ್ಟಿಸಿ) ಬೇರೊಂದು ಪ್ರೋಗ್ರಾಂ ಓಡಿಸುತ್ತದೆ. ಆ ಮುದ್ರಣದ ಪ್ರೊಸೆಸ್ ಸಿಕ್ಕಿಬಿದ್ದಾಗ ಸಿಗ್‌ಟರ್ಮ್ ಕಳಿಸಿದರೆ ಹೋಗುವುದಿಲ್ಲ.

ಉತ್ತರ:

ಹೋಗುವುದಿಲ್ಲ, ಏಕೆಂದರೆ ತಡೆಯೂ ಬಳುವಳಿಯಾಗಿ ಬಂದಿದೆ. ಎಕ್ಸೆಕ್ ಆದಾಗ, ಅಂದರೆ ಪ್ರೊಸೆಸ್ ಒಳಗೆ ಹೊಸ ಪ್ರೋಗ್ರಾಂ ಬಂದಾಗ, ಹ್ಯಾಂಡ್ಲರ್‌ಗಳು ಮೂಲ ಸ್ಥಿತಿಗೆ ಮರಳುತ್ತವೆ, ತಡೆಹಿಡಿದ ಸಿಗ್ನಲ್‌ಗಳ ಮಾಸ್ಕ್ ಹಾಗೆಯೇ ಉಳಿಯುತ್ತದೆ. ಫೋರ್ಕ್ ಆದ ಮೇಲೆ, ಎಕ್ಸೆಕ್‌ಗೆ ಮೊದಲು, ಮಗುವಿನಲ್ಲಿ ಎರಡೂ ಸಿಗ್ನಲ್‌ಗಳ ತಡೆ ತೆಗೆಯಿರಿ.

ಸರಿಯಾಯಿತೇ ಎಂದು ಕಣ್ಣಾರೆ ನೋಡಬಹುದು. ಪ್ರಾಕ್ ಡೈರೆಕ್ಟರಿಯಲ್ಲಿ ಆ ಪ್ರೊಸೆಸ್ ಸಂಖ್ಯೆಯ ಕೆಳಗಿರುವ ಸ್ಟೇಟಸ್ ಫೈಲ್ ತೆರೆದು ಸಿಗ್‌ಬ್ಲಾಕ್‌ನ ಸಾಲು ಹುಡುಕಿ. ಅದು ಹದಿನಾರರ ಮೂಲದ ಸಂಖ್ಯೆ; 2 ಎಂದರೆ ಸಿಗ್‌ಇಂಟ್, 4000 ಎಂದರೆ ಸಿಗ್‌ಟರ್ಮ್. ತೂಕದ ಪ್ರೋಗ್ರಾಂನಲ್ಲಿ ಆ ಸಾಲಿನ ಕೊನೆಗೆ 4002 ಇರಬೇಕು, ಮುದ್ರಣದ ಪ್ರೊಸೆಸ್‌ನಲ್ಲಿ ಬರೀ ಸೊನ್ನೆಗಳಿರಬೇಕು. ಈ ಫೈಲ್ ತೋರಿಸುವುದು ಮುಖ್ಯ ಥ್ರೆಡ್‌ನ ಮಾಸ್ಕ್ ಮಾತ್ರ. ಉಳಿದ ಥ್ರೆಡ್‌ಗಳದನ್ನು ಅಲ್ಲಿಯೇ ಇರುವ ಟಾಸ್ಕ್ ಡೈರೆಕ್ಟರಿಯೊಳಗೆ ಒಂದೊಂದಾಗಿ ನೋಡಿ. ಯಾವುದಾದರೂ ಥ್ರೆಡ್‌ನಲ್ಲಿ 4002 ಕಾಣದಿದ್ದರೆ, ಅದು ತಡೆ ಹಾಕುವ ಮೊದಲೇ ಹುಟ್ಟಿದೆ. ಮೇನ್‌ನಲ್ಲಿ ಆ ಸಾಲನ್ನು ಮೇಲಕ್ಕೆ ತನ್ನಿ.