ಓದುಗರ ಸ್ಪಂದನ: ಬಿಸಿಎ ಜೊತೆಗೇ ಭೌತಶಾಸ್ತ್ರ, ಆಗುತ್ತಾ?

ಕಲಬುರಗಿಯ ಬಿಸಿಎ ಎರಡನೇ ವರ್ಷದ ವಿದ್ಯಾರ್ಥಿಯ ಸಮಸ್ಯೆ ಇದು: "ಪಿಯುಸಿಯಲ್ಲಿ ಪಿಸಿಎಂ ಓದಿದ್ದೆ. ಭೌತಶಾಸ್ತ್ರದಲ್ಲಿ ಎಂಎಸ್ಸಿವರೆಗೂ ಹೋಗುವ ಆಸೆ. ಬಿಸಿಎ ಬಿಡದೆ ಬಿಎಸ್ಸಿ ಮಾಡಬಹುದಾ? ಎರಡು ದೋಣಿಯಲ್ಲಿ ಕಾಲಿಡಬೇಡ ಅಂತಾರೆ ಅಪ್ಪ."

*

ತಮ್ಮಾ, ಒಟ್ಟಿಗೆ ಎರಡು ಪದವಿ ಓದಲು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲೇ ಒಪ್ಪಿದೆ. ಎರಡಕ್ಕೂ ಕಾಲೇಜಿಗೆ ಹೋಗುವುದಾದರೆ ಕ್ಲಾಸಿನ ಹೊತ್ತು ಒಂದರ ಮೇಲೊಂದು ಬೀಳಬಾರದು. ಇಲ್ಲದಿದ್ದರೆ ಒಂದನ್ನು ದೂರಶಿಕ್ಷಣದಲ್ಲಿ ಮಾಡಬೇಕು. ನಿನ್ನ ವಿಶ್ವವಿದ್ಯಾಲಯ ಇದನ್ನು ಒಪ್ಪುತ್ತದಾ ಅಂತ ಮೊದಲೇ ಕೇಳಿಕೋ.

ಕಷ್ಟ ಇರುವುದು ಪ್ರಾಕ್ಟಿಕಲ್‌ನಲ್ಲಿ. ಗಾಜಿನ ಮೇಲೆ ಮಸೂರ ಇಟ್ಟಾಗ ಬೆಳಕು ಮೂಡಿಸುವ ನ್ಯೂಟನ್ ಉಂಗುರ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ಮಧ್ಯಾಹ್ನ ಹೋಗಿರುತ್ತದೆ. ರೆಕಾರ್ಡ್ ಬರೆಯುವುದು ಬೇರೆ. ವಿಡಿಯೋ ನೋಡಿದರೆ ಕೈ ಪಳಗುವುದಿಲ್ಲ.

ಸೇರುವ ಮುಂಚೆ ಒಂದು ಕೆಲಸ ಮಾಡು. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಡು. ಫ್ಯಾನ್ ಆಫ್ ಇರಲಿ. ನಮ್ಮೂರ ಬೇಸಿಗೆಯಲ್ಲಿ ಅದೂ ಒಂದು ಪರೀಕ್ಷೆಯೇ! ಸ್ವಲ್ಪ ಎಳೆದು ಬಿಟ್ಟರೆ ಹತ್ತು ಸಲ ಹೋಗಿಬರಲು 20 ಸೆಕೆಂಡ್. ಪಿಯುಸಿ ಸೂತ್ರ ಹೇಳುವುದೂ ಅಷ್ಟೇ. ಈಗ 60 ಡಿಗ್ರಿ ಎಳೆದು ಬಿಡು. ಒಂದು ಸೆಕೆಂಡಾದರೂ ಜಾಸ್ತಿ ಹಿಡಿಯುತ್ತದೆ. ಸೂತ್ರ ಯಾಕೆ ಕೈಕೊಟ್ಟಿತು? ಅದು ಸಣ್ಣ ಕೋನಕ್ಕೆ ಮಾತ್ರ. ದೊಡ್ಡ ಕೋನದ ಸಮೀಕರಣ ಬಿಡಿಸಲು ಪಿಯುಸಿ ಗಣಿತ ಸಾಲದು, ಆದರೆ ನಿನ್ನ ಪೈಥಾನ್ ಸಾಕು. ಒಂದು ಭಾನುವಾರ ಪ್ರೋಗ್ರಾಂ ಬರೆದು ಲೆಕ್ಕ ಹಾಕು. ಊಟದ ನೆನಪಾಗದಿದ್ದರೆ ಅರ್ಜಿ ಹಾಕು. ಬೇಜಾರಾದರೆ ಬೇಡ.

– ನಿವೃತ್ತ ಉಪನ್ಯಾಸಕ, ಕಲಬುರಗಿ

*

ನಾನು ಮಾಡಿ ನೋಡಿದವಳು. ಇಲ್ಲಿ ಬಿಎ, ದೂರಶಿಕ್ಷಣದಲ್ಲಿ ಬಿಎಸ್ಸಿ. ಪ್ರಾಕ್ಟಿಕಲ್ ಬೇರೆ ಊರಿನಲ್ಲಿ. ದಿನಾಂಕ ತಿಳಿಸಿದ್ದು ಮೂರು ದಿನ ಮುಂಚೆ, ಅದೇ ವಾರ ಇಲ್ಲಿ ಇಂಟರ್ನಲ್ಸ್. ಪ್ರಾಕ್ಟಿಕಲ್ ತಪ್ಪಿತು, ಜೊತೆಗೆ ಒಂದು ವರ್ಷವೂ ಹೋಯಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ಗಣಿತ ಹಿಂದೆ ಬಿದ್ದರೆ ಶಾಖದ ಪಾಠವಾದ ಥರ್ಮೋಡೈನಮಿಕ್ಸ್ ಒಂದು ಪುಟವೂ ಮುಂದೆ ಹೋಗುವುದಿಲ್ಲ, ಗಣಿತವನ್ನು ಮೊದಲು ಗಟ್ಟಿ ಮಾಡಿಕೋ. ಹರಿಯುವ ನೀರಿನ ಒತ್ತಡ, ವೇಗದ ಲೆಕ್ಕ ಹೇಳುವ ಬರ್ನೌಲಿ ಸಮೀಕರಣ ತಲೆಗೆ ಹತ್ತದಿದ್ದಾಗ ನಾನು ಸುಮ್ನೆ ನೌಬಾದ್‌ನ ಸುರಂಗ ಬಾವಿ ನೋಡಲು ಹೋಗಿದ್ದೆ. ಪಂಪ್ ಇಲ್ಲ, ಏನಿಲ್ಲ. ಬರೀ ಇಳಿಜಾರು ನಂಬಿಕೊಂಡು ಬಹಮನಿ ಕಾಲದವರು ನೀರು ತಂದಿದ್ದಾರೆ. ಸಮೀಕರಣ ಅಲ್ಲೂ ತಲೆಗೆ ಹತ್ತಲಿಲ್ಲ ಬಿಡು. ಆದರೆ ಮಾರನೇ ದಿನ ಮತ್ತೆ ಪುಸ್ತಕ ತೆಗೆದೆ. ಈಗ ಕೊನೆಯ ಸೆಮಿಸ್ಟರ್.

– ಬೀದರ್‌ನ ಅಕ್ಕ

*

ನಾನೂ ಒಬ್ಬ ಅಪ್ಪ. ನನ್ನ ಮಾತು ನಿನಗೆ ಹಿಡಿಸಲಿಕ್ಕಿಲ್ಲ. ಬಿಸಿಎ ಮುಗಿಸಿ ಆಮೇಲೆ ಬಿಎಸ್ಸಿ ಸೇರು. ಬರೀ ಬಿಸಿಎ ಇಟ್ಟುಕೊಂಡು ಹೋದರೆ ಸಾಮಾನ್ಯವಾಗಿ ಭೌತಶಾಸ್ತ್ರ ಎಂಎಸ್ಸಿಗೆ ಸೇರಿಸಿಕೊಳ್ಳುವುದಿಲ್ಲ, ಆದ್ದರಿಂದ ಬಿಎಸ್ಸಿ ಬೇಕೇ ಬೇಕು. ವರ್ಷ ಜಾಸ್ತಿ ಆಗುತ್ತದೆ, ಆಗಲಿ. ಅಲ್ಲಿಯವರೆಗೆ ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಪಾಠಗಳ ಜಾಲತಾಣದಲ್ಲಿ ಮೆಕ್ಯಾನಿಕ್ಸ್ ಪಾಠ ಪೂರ್ತಿ ಕೇಳು. ಪಾಠಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಳ್ಳಲು ಮಾತ್ರ ಫೀಸು.

ಇನ್ನು ದೋಣಿಯ ಮಾತು. ನಾವು ಅಪ್ಪಂದಿರು ಹಾಗೆ ಹೇಳುವುದು ಖರ್ಚು ಎಷ್ಟಾಗುತ್ತದೋ ಗೊತ್ತಿಲ್ಲದಾಗ. ಎರಡೂ ಕಡೆಯ ಫೀಸು, ಬಸ್ ಚಾರ್ಜು, ಪರೀಕ್ಷಾ ಶುಲ್ಕ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡು. ರಾತ್ರಿ ಊಟ ಆದ ಮೇಲೆ.

– ಒಬ್ಬ ತಂದೆ, ಯಾದಗಿರಿ