ಅಜ್ಜಿ ಚಂದ್ರಕಾಳಿ, ಎತ್ತಿನ ಗೆಜ್ಜಿಪಟ್ಟಿ, 15 ಸಾವಿರದ ಪ್ರಶ್ನೆ

ಕೆರಿದಂಡಿ ಕ್ಯಾಮೆರಾ:

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಕಿ, ಬ್ಯಾಂಕಿನಾಗ ಕೆಲಸ. ಎರಡು ವರ್ಷದಿಂದ ಪಗಾರದಾಗ ತಿಂಗಳಿಗೆ 4,000 ತಗದಿಟ್ಟು ಒಂದು ಫೋಟೋ ಸರಣಿ ಮಾಡ್ಲಿಕ್ಕತ್ತೀನಿ. ಮನ್ಯಾಗ ಇದಕ್ಕ 'ದೆವ್ವದ ಫೋಟೋ' ಅಂತ ಹೆಸರಿಟ್ಟಾರ. ಗಾಥ್, ಪಂಕ್ ಅಂತಾರಲ್ಲ, ಕಪ್ಪು ಬಟ್ಟಿ, ರಿವಿಟ್ಟು, ಪಿನ್ನು ಹಾಕ್ಕೊಳ್ಳೋ ವಿದೇಶಿ ಹುಡುಗರ ಫ್ಯಾಷನ್ನು, ಆ ನಮೂನಿ ವೇಷ. ಆದ್ರ ಆನ್‌ಲೈನ್ ತರಿಸಿದ ಲೆದರ್ ಜಾಕೀಟಲ್ಲ. ನಮ್ಮ ಕಡೆ ಸಂಕ್ರಮಣಕ್ಕ ಉಡೋ ಕಪ್ಪು ಚಂದ್ರಕಾಳಿ, ನಮ್ಮಜ್ಜಿಯ ಇಳಕಲ್ ಸೀರಿ, ಕೆಳಗ ಮಿಲಿಟರಿ ಬೂಟು. ಗುಳೇದಗುಡ್ಡ ಖಣದ ಕುಬಸಕ್ಕ ಚಪ್ಪಲಿ ಹೊಲಿಯೋರ ಕಡೆಯಿಂದ ಹೊಡಿಸಿದ ರಿವಿಟ್ಟು. ಕೊರಳಿಗೆ ಎತ್ತಿನ ಗೆಜ್ಜಿಪಟ್ಟಿ, ಕಾರಹುಣ್ಣಿಮಿ ಮುಂದ ಸಂತ್ಯಾಗ 250 ಕೊಟ್ಟು ತಂದಿದ್ದು. ಮಾರೋ ಯಜಮಾನ "ಹೋರಿ ಎಷ್ಟು ಹಲ್ಲಿಂದವಾ?" ಅಂತ ಕೇಳಿದ. "ಎಲ್ಲಾ ಹಲ್ಲೂ ಬಂದಾವ" ಅಂದು ಬಂದ್ನಿ.

ಆ 'ಹೋರಿ' ನನ್ನ ಗೆಳತಿ ತಂಗಿ, ನನ್ನ ಮಾಡೆಲ್. ತಲಿ ಬೋಳಿಸಿಕೊಂಡಾಳ, ಮೂಗಿನ ನಡುವ ರಿಂಗ್ ಹಾಕ್ಯಾಳ. ಆಕಿ ಅವ್ವ ಅಪ್ಪ ಎರಡು ತಿಂಗಳು ಮಾತು ಬಿಟ್ಟಿದ್ರು. ನಮ್ಮಜ್ಜಿ ಮಾತ್ರ ನೋಡಿ, "ಇದ್ಯಾನ ಹೊಸಾದು, ನಮ್ಮವ್ವ ಬುಲಾಕು ಹಾಕ್ತಿದ್ಲು" ಅಂದು ತನ್ನ ನತ್ತೂ ತಗದು ಕೊಟ್ಲು.

ಈಗ ವಿಷಯ. ಹುಬ್ಬಳ್ಳಿಯ ಒಂದು ಬಟ್ಟಿ ಅಂಗಡಿಯವ್ರು ಫೋಟೋ ನೋಡಿ ತಿಂಗಳಿಗೆ 15,000 ಕೊಡ್ತೀವಿ ಅಂದಾರ. ಷರತ್ತು: ಅವ್ರ ಸೀರಿನ ಉಡಿಸಬೇಕು, ಬೂಟು ಬ್ಯಾಡ, ರಿಂಗ್ ಬ್ಯಾಡ, ಹುಡುಗಿ ನಗಬೇಕು. ನಾನು ಇದುವರೆಗೂ ಮಾಡೆಲ್‌ಗೆ ರೊಕ್ಕ ಕೊಟ್ಟಿಲ್ಲ. ಆಟೋ, ಊಟ ನಂದು, ಫೋಟೋ ಇಬ್ಬರಿಗೂ. ಒಂದೊಂದು ಶೂಟಿಗೆ ಮೂರು ನಾಲ್ಕು ಸಾವಿರ ಹೋಗೇ ಹೋಗ್ತದ. ಹಳೇ ಫುಲ್ ಫ್ರೇಮ್ ಕ್ಯಾಮೆರಾಕ್ಕ ಕೊಟ್ಟ 42,000 ಬ್ಯಾರೆ. ಅಂಗಡಿಯವ್ರ ರೊಕ್ಕ ತಗೊಳ್ಳಲೋ ಬ್ಯಾಡೋ?

ಇನ್ನೆರಡು ತೊಂದ್ರಿ ಅವ. ಕಪ್ಪು ಸೀರಿ ಫೋಟೋದಾಗ ಒಮ್ಮೆ ಬೂದಿ, ಒಮ್ಮೆ ಡಾಂಬರ್ ಆಗ್ತದ. ನಿರಿಗಿನ ಕಾಣಂಗಿಲ್ಲ. ಮತ್ತ ಸೇಫ್ಟಿ ಪಿನ್ ಸಾಲಾಗಿ ಚುಚ್ಚಿದ್ದಕ್ಕ ಅಜ್ಜಿ ಸೀರಿ ಸೆರಗಿನ್ಯಾಗ ತುಕ್ಕಿನ ಕಲಿ ಬಿದ್ದಾವ. ಅಜ್ಜಿಗೆ ಇನ್ನೂ ತೋರಿಸಿಲ್ಲ.

ಎಸ್.ಪಿ. ರೋಡ್ ಗಿರಾಕಿ:

ಕಪ್ಪಿನ ಬಗ್ಗೆ ಮಾತ್ರ ಹೇಳ್ತೀನಿ, ದುಡ್ಡಿನ ವಿಷಯದಲ್ಲಿ ನಾನೇ ದಂಡಪಿಂಡ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಅನ್ನೋ ಮೆಟಲ್ ಬ್ಯಾಂಡ್ ಬಂದಾಗ ಗೇಟಿನ ಹೊರಗೆ ಕ್ಯೂನಲ್ಲಿದ್ದ ಕಪ್ಪು ಟೀ ಶರ್ಟ್‌ಗಳನ್ನೆಲ್ಲ ಕ್ಲಿಕ್ಕಿಸಿದ್ದೆ. ಮನೆಗೆ ಬಂದು ನೋಡಿದ್ರೆ ಎಲ್ಲರೂ ವಿಭೂತಿ ಬಳಿದ ಹಾಗಿದ್ರು. ಕ್ಯಾಮೆರಾ ಮೀಟರ್‌ಗೆ ಕಪ್ಪು ಅಂದ್ರೆ ಗೊತ್ತಿಲ್ಲ. ಕಂಡದ್ದನ್ನೆಲ್ಲ ನಡುಬೂದು ಮಾಡೋಕೆ ನೋಡುತ್ತೆ. ಫ್ರೇಮ್ ತುಂಬ ಕಪ್ಪಿದ್ರೆ ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದ್ರೆ ಬೆಳಕು ಅರ್ಧಕ್ಕೆ) ಇಳಿಸಿ, ಮುಖ ನೋಡ್ಕೊಂಡು ಸರಿಮಾಡಿ.

ಡಾಂಬರ್ ಆಗೋದು ಬೇರೆ ಕಾರಣಕ್ಕೆ, ಫ್ಲ್ಯಾಶ್ ಎದುರಿಂದ ಹೊಡೀತಿದ್ದೀರ ಅನ್ಸುತ್ತೆ. ಅದನ್ನ ಕ್ಯಾಮೆರಾದಿಂದ ಬಿಚ್ಚಿ ಮಾಡೆಲ್‌ನ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಇಡಿ. ಬೆಳಕು ಬಟ್ಟೆ ಮೇಲೆ ಸವರಿಕೊಂಡು ಹೋದ್ರೆ ನಿರಿಗೆ ಒಂದೊಂದೂ ಎದ್ದು ನಿಲ್ಲುತ್ತೆ. ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮಕೋಲ್ ಶೀಟ್ ಸಾಕು, ರಿಫ್ಲೆಕ್ಟರ್ ಕೊಳ್ಳೋಕೆ ಹೋಗಬೇಡಿ.

ಇನ್ನೊಂದು ತಮಾಷೆ: ಸಿಂಥೆಟಿಕ್ ಕಪ್ಪು ಕೆಲವು ಕ್ಯಾಮೆರಾಗಳಲ್ಲಿ ನೇರಳೆ ಆಗಿಬಿಡುತ್ತೆ, ಆ ಬಟ್ಟೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನ ವಾಪಸ್ ಎಸೆಯೋದ್ರಿಂದ. 2006ರ ಲೈಕಾ ಎಂ8 ಕ್ಯಾಮೆರಾದಲ್ಲಿ ಇದು ದೊಡ್ಡ ರಾದ್ಧಾಂತವಾಗಿ, ಕೊನೆಗೆ ಕಂಪನಿಯೇ ಫಿಲ್ಟರ್ ಕೊಡಬೇಕಾಯ್ತು. ನಿಮ್ಮದರಲ್ಲಿ ಅಷ್ಟಾಗಲಾರದು.

ಹಾಸನದ ಹಳೇ ನೆಗೆಟಿವ್:

ಹದಿನೆಂಟು ವರ್ಷ ಸ್ಟುಡಿಯೋ ನಡೆಸಿ ಮುಚ್ಚಿದವನು ನಾನು. ಹಣ ತಗೊಳ್ಳೋದ್ರಲ್ಲಿ ತಪ್ಪೇನಿಲ್ಲ ತಾಯಿ, ಆದ್ರೆ ಆ ಹಣ ಈ ಸರಣಿಯೊಳಗೆ ಬರಬಾರದು. ಕಾನೂನಿನದ್ದೂ ಒಂದು ಮಾತಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ನಿಮ್ಮ ಪಾಡಿಗೆ ನೀವು ತೆಗೆದ ಫೋಟೋಗೆ ಮೊದಲ ಒಡೆಯರು ನೀವೇ. ಯಾರೋ ಹಣ ಕೊಟ್ಟು ತೆಗೆಸಿದ್ರೆ, ಬೇರೆ ಕರಾರು ಇಲ್ಲದಿದ್ದರೆ, ಒಡೆತನ ಅವರದು. ಅಂಗಡಿಯವರ ಕೆಲಸ ಮಾಡೋದಾದ್ರೆ ಬೇರೆ ದಿನ, ಬೇರೆ ಬಟ್ಟೆ, ಒಂದು ಹಾಳೆ ಕರಾರು. ಆ ದಿನ ಮಾಡೆಲ್‌ಗೂ ಕೂಲಿ ಕೊಡಿ. ನಿಮಗೆ ಹಣ ಬಂದು ಆ ಹುಡುಗಿಗೆ ಬರೀ ಊಟ ಅಂದ್ರೆ ಅದು ಹವ್ಯಾಸ ಅಲ್ಲ.

ಮತ್ತೆ, ಗಾಥ್ ಅಂತೀರಲ್ಲ, ಬೇಸಿಗೆಯಲ್ಲಿ ನಮ್ಮ ಕಡೆ ಬನ್ನಿ. ಶೆಟ್ಟಿಹಳ್ಳಿಯ ಪಾಳು ಇಗರ್ಜಿ (ಚರ್ಚು) ಗಾಥಿಕ್ ಅನ್ನೋ ಯುರೋಪಿನ ಹಳೇ ಕಟ್ಟಡ ಶೈಲಿಯದ್ದೇ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಲ್ಲಿ ಮುಳುಗುತ್ತೆ, ನೀರಿಳಿದ ಮೇಲೆ ಒಳಗೇ ನಡೆದು ಹೋಗಬಹುದು. ಗೋಡೆ ಹತ್ತಿಸಬೇಡಿ, ಕಲ್ಲು ಸಡಿಲ ಇವೆ.

ನಾಲ್ಕಾಣೆ:

ಎತ್ತಿನ ಪಟ್ಟಿ ಹೆಣ್ಣುಮಕ್ಕಳ ಕುತ್ತಿಗೆಗಾ? ಇದೂ ಒಂದು ಫ್ಯಾಷನ್ನಾ?

ಟೈಲರ್ ಅಕ್ಕ ಶಿವಮೊಗ್ಗ:

@ನಾಲ್ಕಾಣೆ, ನಾಯಿ ಬೆಲ್ಟ್ ಥರದ್ದನ್ನ ಮಾಲ್‌ನಲ್ಲಿ 1,200 ಕೊಟ್ಟು ತಗೊಳ್ತಾರೆ, ಆಗ ಯಾರೂ ಕೇಳಲ್ಲ.

ಪಿನ್ ವಿಷಯ. ಇಳಕಲ್ ಸೀರೆ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೇ ಕೊಂಡಿ ಹಾಕಿ ಕೂಡಿಸಿರ್ತಾರೆ. ಆ ಕೂಡಿದ ಜಾಗದಲ್ಲಿ ಮಾತ್ರ ಪಿನ್ ಚುಚ್ಚಲೇಬೇಡಿ. ಒಂದು ಎಳೆ ಬಿಟ್ರೆ ಮುಗೀತು. ಕಪ್ಪು ಆರ್ಗಂಡಿ ಬಟ್ಟೆಯ ಮೂರಿಂಚಿನ ಪಟ್ಟಿ ಕತ್ತರಿಸಿ, ಪಿನ್ನೆಲ್ಲ ಅದಕ್ಕೆ ಹಾಕಿ, ಆ ಪಟ್ಟಿಯನ್ನ ಅಂಚಿಗೆ ಕೈಹೊಲಿಗೆಯಲ್ಲಿ ಸಡಿಲವಾಗಿ ಟಾಕು ಹಾಕಿ. ಶೂಟ್ ಮುಗಿದ ಮೇಲೆ ದಾರ ಎಳೆದ್ರೆ ಬಂತು. ಪಿನ್ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿಂದೇ ತಗೊಳ್ಳಿ. ಕಲೆಗೆ ನಿಂಬೆಹಣ್ಣು ಉಪ್ಪು ಅಂತ ಯಾರಾದ್ರೂ ಹೇಳ್ತಾರೆ, ಕೇಳಬೇಡಿ, ಸೆರಗಿನ ಕೆಂಪು ಬಣ್ಣ ಹೋಗುತ್ತೆ. ಅಜ್ಜಿಗೆ ತೋರಿಸಿಬಿಡಿ.

ಕೆರಿದಂಡಿ ಕ್ಯಾಮೆರಾ:

ತೋರಿಸಿದ್ನಿ ಅಕ್ಕ. ಕನ್ನಡಕ ಹಾಕ್ಕೊಂಡು ಐದು ನಿಮಿಷ ಸೆರಗು ತಿರುವಿ ತಿರುವಿ ನೋಡಿ, ತುಕ್ಕಿನ ಕಲಿ ಬಿಟ್ಟು ಬ್ಯಾರೆ ಒಂದು ಕಲಿ ತೋರಿಸಿದ್ಲು. "ಇದು ನಿಮ್ಮಪ್ಪ ಕೂಸಿದ್ದಾಗ ಚಹಾ ಚೆಲ್ಲಿದ್ದು." ಅಷ್ಟ.

ಅಂಗಡಿ ವಿಷಯ ಮಾಡೆಲ್‌ಗೇ ಕೇಳಿದ್ನಿ. ಮೊದಲ ಕೇಳಬೇಕಿತ್ತು, ಖರೇನ. "ನಗಲಿಕ್ಕೆ ಎಷ್ಟು ಕೊಡ್ತಾರ?" ಅಂದ್ಲು. ದಿನಕ್ಕ 3,000 ಕೂಲಿ, ಬ್ಯಾರೆ ದಿನ, ಕರಾರು, ಹಿಂಗ ಬರದು ಅಂಗಡಿಯವ್ರಿಗೆ ಕಳಿಸೀನಿ. ಎಂಟು ದಿನ ಆತು, ನೀಲಿ ಟಿಕ್ ಬಿದ್ದಾವ, ಉತ್ತರ ಇಲ್ಲ.

ನಿನ್ನೆ ದುರ್ಗದ ಬೈಲ್‌ನಾಗ ಆರ್ಗಂಡಿ ಎರಡು ಮೀಟರ್ ತಂದೀನಿ. ಫ್ಲ್ಯಾಶ್ ಪಕ್ಕಕ್ಕ ಹಿಡಿಯೋ ಕೆಲಸ ತಮ್ಮಗ ಹಚ್ಚೀನಿ, ಅವ್ನ ಕೂಲಿ ಗಿರಮಿಟ್ಟು. @ಹಾಸನದ ಹಳೇ ನೆಗೆಟಿವ್, ಫೆಬ್ರುವರಿಯಾಗ ನೀರು ಇಳಿದಿರ್ತದೇನ್ರಿ?