ಹಲಸಿನ ಹಲಗೆ ಉದ್ದಕ್ಕೆ ಸೀಳಲು ಗರಗಸದ ಹಲ್ಲು ಹೇಗಿರಬೇಕು?

ಗುಬ್ಬಿಯಿಂದ ಪ್ರಶ್ನೆ: 24 ಇಂಚಿನ ಕೈಗರಗಸ, ಇಂಚಿಗೆ 7 ಹಲ್ಲು. ಒಂದೂವರೆ ಇಂಚು ದಪ್ಪದ ಒಣ ಹಲಸು ಅಡ್ಡಕ್ಕೆ ಚೆನ್ನಾಗಿ ಕೊಯ್ಯುತ್ತೆ. ಉದ್ದಕ್ಕೆ ಸೀಳಿದರೆ ಹಿಟ್ಟಿನಂಥ ಪುಡಿ ಕಟ್ಟಿಕೊಂಡು ನಿಲ್ಲುತ್ತೆ, ಗೆರೆ ಬಿಟ್ಟು ಎಡಕ್ಕೂ ಎಳೆಯುತ್ತೆ. ಏನು ಮಾಡಬೇಕು?

ಸಿರಾದಿಂದ: ಅಣ್ಣ, ನಿಮ್ಮದು ಅಡ್ಡ ಕೊಯ್ಯುವ ಹಲ್ಲು. ಅದು ಚಾಕುವಿನಂತೆ ಎಳೆ ಕತ್ತರಿಸುತ್ತೆ. ಉದ್ದಕ್ಕೆ ಸೀಳಲು ಪ್ರತಿ ಹಲ್ಲೂ ಪುಟ್ಟ ಉಳಿಯಂತೆ ಮರ ಎಬ್ಬಬೇಕು. ಅಡ್ಡದ ಹಲ್ಲಿನ ಮುಂಭಾಗ ಹಿಂದಕ್ಕೆ 12ರಿಂದ 15 ಡಿಗ್ರಿ ಒರಗಿರುತ್ತೆ, ಅಂಚು ಓರೆಯಾಗಿ ಅರ ತಿಂದಿರುತ್ತೆ. ಸೀಳುವ ಹಲ್ಲಿನ ಮುಂಭಾಗ ಹೆಚ್ಚುಕಮ್ಮಿ ನೆಟ್ಟಗೆ, 0ಯಿಂದ 5 ಡಿಗ್ರಿ. ಅರ ಅಲಗಿಗೆ ನೇರ ಅಡ್ಡಲಾಗಿ ಹೋಗಬೇಕು. ತುದಿಯ ಎರಡು ಇಂಚು ಮಾತ್ರ 10 ಡಿಗ್ರಿ ಬಿಡಿ, ಇಲ್ಲದಿದ್ದರೆ ಕೊಯ್ತ ಶುರು ಮಾಡುವಾಗ ಹಲ್ಲು ಮರಕ್ಕೆ ಕಚ್ಚಿ ಜಿಗಿಯುತ್ತೆ.

ಅಲಗನ್ನು ಎರಡು ಮರದ ಪಟ್ಟಿ ನಡುವೆ ಹಲ್ಲಿನ ಬುಡದ ಹತ್ತಿರವೇ ಬಿಗಿಯಿರಿ. ಸಡಿಲವಿದ್ದರೆ ಅರ ಕಿರುಚುತ್ತೆ, ಬೇಗ ಹಾಳಾಗುತ್ತೆ. ಮೊದಲು ಚಪ್ಪಟೆ ಅರವನ್ನು ಹಲ್ಲಿನ ನೆತ್ತಿಯ ಮೇಲೆ ಉದ್ದಕ್ಕೂ ಓಡಿಸಿ, ಎಲ್ಲದರಲ್ಲೂ ಬೆಳ್ಳಗೆ ಹೊಳೆಯುವ ಚುಕ್ಕಿ ಕಾಣಬೇಕು. ಆಮೇಲೆ ಮೂರು ಮೂಲೆ ಅರ ಹಿಡಿದು, ಮುಂದಕ್ಕೆ ತಳ್ಳುವಾಗ ಮಾತ್ರ ಉಜ್ಜಿ. ಚುಕ್ಕಿ ಮಾಯವಾದ ಕೂಡಲೇ ನಿಲ್ಲಿಸಿ. ಒಂದೆರಡು ಉಜ್ಜು ಹೆಚ್ಚಾದರೆ ಆ ಹಲ್ಲು ತಗ್ಗಿ ಕೆಲಸವನ್ನೇ ಮಾಡುವುದಿಲ್ಲ.

ಚಿಂತಾಮಣಿಯಿಂದ: ಅರದ ಮುಖ ಹಲ್ಲಿನ ಆಳದ ಎರಡರಷ್ಟಕ್ಕಿಂತ ಸ್ವಲ್ಪ ಅಗಲ ಇರಲಿ. ಆಗ ಮೂರೂ ಮೂಲೆ ಸರದಿಯಲ್ಲಿ ಬಳಸಬಹುದು. ಹಲ್ಲಿನ ತುದಿ ಕಪ್ಪು ನೀಲಿ ಬಣ್ಣದ್ದಾಗಿದ್ದರೆ ಅದು ಗಟ್ಟಿ ಮಾಡಿದ ಹಲ್ಲು. ಅರ ಜಾರುತ್ತೆ, ಅದರಲ್ಲಿ ಶ್ರಮ ಸುರಿಯಬೇಡಿ.

ಗುಬ್ಬಿಯಿಂದ: ತುದಿ ಬಿಳಿಯೇ. ಎಡಕ್ಕೆ ಎಳೆಯುವುದು ಯಾಕೆ?

ತಿಪಟೂರಿನಿಂದ: ಹಲ್ಲುಗಳನ್ನು ಒಂದು ಬಿಟ್ಟು ಒಂದು ಎಡಕ್ಕೆ, ಬಲಕ್ಕೆ ಬಾಗಿಸಿರುತ್ತಾರೆ, ಅದೇ ಸೆಟ್. ಎಡಕ್ಕೆ ಬಾಗಿಸಿದ ಹಲ್ಲುಗಳ ಸೆಟ್ ಹೆಚ್ಚಾಗಿದೆ, ಅಷ್ಟೆ. ಎಡ ಮುಖ ಮೇಲಿರುವಂತೆ ಅಲಗನ್ನು ಮಲಗಿಸಿ, ಎಣ್ಣೆಕಲ್ಲನ್ನು ಹಲ್ಲಿನ ಸಾಲಿನ ಮೇಲೆ ಹಗುರವಾಗಿ ಒಂದೇ ಸಲ ಓಡಿಸಿ, ಕೊಯ್ದು ನೋಡಿ. ಇನ್ನೂ ಎಳೆದರೆ ಮತ್ತೊಂದು ಸಲ.

ಹೊಸದಾಗಿ ಸೆಟ್ ಮಾಡುವುದಾದರೆ ಹಲ್ಲಿನ ಮೇಲಿನ ಅರ್ಧ ಮಾತ್ರ ಬಾಗಿಸಿ. ಬುಡದಿಂದ ಬಗ್ಗಿಸಿದರೆ ಬಿರುಕು ಬಿಟ್ಟು ಮುರಿಯುತ್ತೆ. ಅಲಗು 0.9 ಮಿ.ಮೀ. ಇದ್ದರೆ ಒಣ ಹಲಸಿಗೆ ಒಂದೊಂದು ಬದಿಗೆ 0.2 ಸಾಕು, ಕೊಯ್ತದ ಅಗಲ 1.3 ಆಗುತ್ತೆ. ಹಸಿ ಮರಕ್ಕೆ 0.25. ಅದಕ್ಕಿಂತ ಹೆಚ್ಚಾದರೆ ಕೈ ಸೋಲುತ್ತೆ, ಗೆರೆಯೂ ಅಲೆಯುತ್ತೆ. ಸೆಟ್ ಆದ ಮೇಲೆ ಪ್ರತಿ ಸಂದಿಗೂ ಅರದ ಒಂದು ಹಗುರ ಉಜ್ಜು ಕೊಡಿ.

ಇದೇ ಗರಗಸದಲ್ಲಿ ತೆಂಗಿನ ಕಾಂಡ ಮಾತ್ರ ಕೊಯ್ಯಬೇಡಿ. ಹೊರಪದರ ಕಲ್ಲಿನಂತಿರುತ್ತೆ, ಹಾಕಿದ ಮೊನೆ ಬಹಳ ಬೇಗ ಹೋಗುತ್ತೆ. ಅದಕ್ಕೆ ಹಳೆಯದೊಂದನ್ನು ಬೇರೆ ಇಡಿ.